ಚಳಿಯ ತಳ ಮುಟ್ಟೋಕೆ ಹೊರಟ ಇಬ್ಬರು

ಇವತ್ತಿನ ಸಂಚಿಕೆಯಲ್ಲಿ ಚಳಿಯ ಕಥೆ. ಮಡಿಕೇರಿ ಚಳಿ ಅಲ್ಲ, ಸಿಯಾಚಿನ್ ಚಳಿಯೂ ಅಲ್ಲ. ಅದಕ್ಕಿಂತ ತುಂಬಾ ಕೆಳಗಿನದ್ದು.

ಬಿಸಿ ಏರ್ತಾನೇ ಹೋಗಬಹುದು. ಸೂರ್ಯನ ಒಡಲಲ್ಲಿ ಸುಮಾರು ಒಂದೂವರೆ ಕೋಟಿ ಡಿಗ್ರಿ ಇದೆ. ಆದರೆ ಚಳಿ ಹಾಗೆ ಇಳಿತಾನೇ ಹೋಗಲ್ಲ. ಮೈನಸ್ 273.15 ಡಿಗ್ರಿ ಸೆಲ್ಸಿಯಸ್‌ಗೆ ಅದರ ತಳ. ಯಾಕೆ? ಬಿಸಿ ಅಂದರೆ ಅಣುಗಳ ಓಡಾಟ, ನಡುಕ. ಅದರಿಂದ ತೆಗೆಯಬಹುದಾದ ಶಕ್ತಿಯನ್ನೆಲ್ಲ ತೆಗೆದುಬಿಟ್ಟರೆ ಇನ್ನು ತಣ್ಣಗಾಗೋಕೆ ಏನೂ ಉಳಿಯಲ್ಲ. 1848ರಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಈ ತಳವನ್ನೇ ಸೊನ್ನೆ ಅಂತ ಇಟ್ಟುಕೊಂಡು ಎಣಿಸೋ ಮಾಪಕ ಸೂಚಿಸಿದರು. ಅದೇ ಇವತ್ತಿನ ಕೆಲ್ವಿನ್ ಮಾಪಕ.

ತಳ ಎಲ್ಲಿದೆ ಅಂತ ಗೊತ್ತಾಯ್ತು. ಅಲ್ಲಿಗೆ ಇಳಿಯೋದು ಹೇಗೆ?

ಆಗಿನ ಮುಖ್ಯ ದಾರಿ: ಅನಿಲವನ್ನು ದ್ರವ ಮಾಡೋದು. ಮಣ್ಣಿನ ಹೂಜಿಯ ನೀರು ಯಾಕೆ ತಣ್ಣಗಿರುತ್ತೆ? ಹೊರಗೆ ಜಿನುಗಿದ ನೀರು ಆವಿಯಾಗ್ತಾ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತೆ. ದ್ರವ ಆಮ್ಲಜನಕ, ದ್ರವ ಜಲಜನಕ ಮಾಡೋದೂ ಇದೇ ಕೆಲಸ, ಆದರೆ ಎಷ್ಟೋ ಪಾಲು ಕೆಳಗಿನ ಉಷ್ಣಾಂಶದಲ್ಲಿ. ಇದು ಬಾವಿಯ ಮೆಟ್ಟಿಲ ಹಾಗೆ. ಒಂದು ಮೆಟ್ಟಿಲ ಮೇಲೆ ಕಾಲು ಊರದೆ ಮುಂದಿನದಕ್ಕೆ ಇಳಿಯೋಕಾಗಲ್ಲ. ಜಲಜನಕ ದ್ರವ ಆಗಬೇಕಾದರೆ ಮೊದಲು ದ್ರವ ಗಾಳಿಯಿಂದ ಅದನ್ನು ತಣಿಸಬೇಕು. ಹೀಲಿಯಂ ಬೇಕಾದರೆ ಮೊದಲು ದ್ರವ ಜಲಜನಕ ಕೈಯಲ್ಲಿರಬೇಕು.

1883ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ವ್ರೊಬ್ಲೆವ್‌ಸ್ಕಿ ಮತ್ತು ಓಲ್‌ಶೆವ್‌ಸ್ಕಿ ಆಮ್ಲಜನಕವನ್ನು ಅಳೆಯೋಷ್ಟು ಪ್ರಮಾಣದಲ್ಲಿ ದ್ರವ ಮಾಡಿದರು. ಮುಂದಿನ ಮೆಟ್ಟಿಲಿಗೆ ಇಬ್ಬರು ಇಳಿದರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜೇಮ್ಸ್ ಡ್ಯೂವರ್. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್.

ನಿಮ್ಮ ಮನೆಯ ಥರ್ಮಾಸ್ ಫ್ಲಾಸ್ಕ್ ಇದೆಯಲ್ಲ, ಅದು ಡ್ಯೂವರ್ ಬುದ್ಧಿಯ ಕೂಸು. ತಣ್ಣನೆಯ ದ್ರವ ಆವಿಯಾಗಿ ಹೋಗಬಾರದು ಅಂತ 1892ರಲ್ಲಿ ಅವರು ಎರಡು ಗೋಡೆಯ ಗಾಜಿನ ಪಾತ್ರೆ ಮಾಡಿಸಿ, ನಡುವಿನ ಗಾಳಿಯನ್ನು ತೆಗೆಸಿದರು. ಪೇಟೆಂಟ್ ಮಾತ್ರ ಮಾಡಿಸಲಿಲ್ಲ. ಮುಂದೆ ಅದನ್ನು ಥರ್ಮಾಸ್ ಅಂತ ಮಾರಿ ಕಾಸು ಮಾಡಿದ್ದು ಜರ್ಮನ್ ಕಂಪನಿ.

1898ರ ಮೇ 10ರಂದು ಡ್ಯೂವರ್ ಜಲಜನಕವನ್ನು ದ್ರವ ಮಾಡಿದರು. ಉಷ್ಣಾಂಶ ಸುಮಾರು 20 ಕೆಲ್ವಿನ್, ಅಂದರೆ ಮೈನಸ್ 253. ಓಟದಲ್ಲಿ ಅವರೇ ಮುಂದೆ. ಉಳಿದದ್ದು ಹೀಲಿಯಂ ಒಂದೇ.

ಈ ಹೀಲಿಯಂ ಕಥೆಗೆ ನಮ್ಮ ದೇಶದ ನಂಟೂ ಇದೆ. 1868ರ ಆಗಸ್ಟ್ 18ರ ಗ್ರಹಣದಲ್ಲಿ ಫ್ರಾನ್ಸಿನ ಜಾನ್ಸೆನ್ ಗುಂಟೂರಿನಿಂದ ಸೂರ್ಯನ ಬೆಳಕನ್ನು ಬಿಡಿಸಿ ನೋಡಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರ್ ಸೂರ್ಯನ ಬೆಳಕಿನ ಒಂದು ಹಳದಿ ಗೆರೆಯನ್ನು ಪರೀಕ್ಷಿಸಿದರು. ಅದು ಹೊಸ ಧಾತುವಿನದು ಅನ್ನೋ ತೀರ್ಮಾನಕ್ಕೆ ಬಂದರು. ಭೂಮಿ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ, ಲಂಡನ್ನಿನಲ್ಲೇ ಇದ್ದ ವಿಲಿಯಂ ರಾಮ್ಸೆಗೆ.

ಇಲ್ಲೇ ಡ್ಯೂವರ್ ಸಿಕ್ಕಿಬಿದ್ದರು. ಅವರಿಗೂ ರಾಮ್ಸೆಗೂ ಆಗಿಬರ್ತಾ ಇರಲಿಲ್ಲ. ಒಂದೇ ಊರಲ್ಲಿ ಒಬ್ಬರ ಹತ್ತಿರ ಹೀಲಿಯಂ, ಇನ್ನೊಬ್ಬರ ಹತ್ತಿರ ಚಳಿ. ಕೈ ಜೋಡಿಸಲಿಲ್ಲ. ಡ್ಯೂವರ್ ಬಾತ್ ಊರಿನ ಬಿಸಿನೀರ ಬುಗ್ಗೆಯ ಅನಿಲದಿಂದ ಹೀಲಿಯಂ ತೆಗೆಯೋಕೆ ಹೋದರು. ಅದರಲ್ಲಿ ಬೆರೆತಿದ್ದ ನಿಯಾನ್ ಹೆಪ್ಪುಗಟ್ಟಿ ಕೊಳವೆಗಳು ಕಟ್ಟಿಕೊಂಡವು.

ಲೈಡನ್‌ನಲ್ಲೂ ದಾರಿ ಸುಗಮ ಇರಲಿಲ್ಲ. 1807ರಲ್ಲಿ ಆ ಊರಿನ ನಡುವೆ ಮದ್ದು ತುಂಬಿದ ಹಡಗು ಸಿಡಿದು ಜನ ಸತ್ತಿದ್ದರು. ಆ ಭಯ ಊರಲ್ಲಿ ಇನ್ನೂ ಇತ್ತು. ಓನ್ನೆಸ್ ಒತ್ತಡದ ಅನಿಲ ಇಟ್ಟುಕೊಂಡಿದ್ದಾರೆ ಅಂತ ದೂರು ಹೋಗಿ, 1890ರ ದಶಕದಲ್ಲಿ ಪ್ರಯೋಗಗಳು ಕೆಲವು ವರ್ಷ ನಿಂತೇಹೋದವು. ಲೈಡನ್ ಪ್ರಯೋಗಾಲಯದ ಪರ ಪತ್ರ ಬರೆದವರಲ್ಲಿ ಒಬ್ಬರು ಯಾರು ಗೊತ್ತಾ? ಪ್ರತಿಸ್ಪರ್ಧಿ ಡ್ಯೂವರ್.

ಓನ್ನೆಸ್ ಒಬ್ಬರೇ ದುಡಿಯೋ ಮನುಷ್ಯ ಅಲ್ಲ. ಗಾಜು ಊದೋರು, ಉಪಕರಣ ಮಾಡೋರು ಬೇಕು ಅಂತ ತರಬೇತಿ ಶಾಲೆಯನ್ನೇ ನಡೆಸಿದರು. ಹೀಲಿಯಂ ಸಿಗೋ ಮೊನಜೈಟ್ ಮರಳನ್ನು ಅವರ ತಮ್ಮ ಅಮೆರಿಕದಿಂದ ತರಿಸಿಕೊಟ್ಟರು.

1908ರ ಜುಲೈ 10. ಬೆಳಿಗ್ಗೆ ಐದೂಮುಕ್ಕಾಲಿಗೆ ಕೆಲಸ ಶುರು. ಮಧ್ಯಾಹ್ನದ ಹೊತ್ತಿಗೆ 20 ಲೀಟರ್ ದ್ರವ ಜಲಜನಕ ಸಿದ್ಧ. ಸಂಜೆ ಹೀಲಿಯಂ ಹರಿಸಿದರು. ಉಷ್ಣಾಂಶ ಇಳೀತು, ಒಂದು ಕಡೆ ನಿಂತುಬಿಡ್ತು. ಗಾಜಿನಲ್ಲಿ ಮಾತ್ರ ಏನೂ ಕಾಣಲಿಲ್ಲ. ಆಗ ನೋಡೋಕೆ ಬಂದಿದ್ದ ಸಹೋದ್ಯೋಗಿಯೊಬ್ಬರು, ಪಾತ್ರೆಗೆ ಕೆಳಗಿನಿಂದ ಬೆಳಕು ಬಿಟ್ಟು ನೋಡಿ ಅಂದರು. ಬಿಟ್ಟ ಕೂಡಲೇ ದ್ರವದ ಅಂಚು ಸ್ಪಷ್ಟವಾಗಿ ಕಂಡಿತು. ಸುಮಾರು 60 ಮಿಲಿಲೀಟರ್ ಹೀಲಿಯಂ, 4.2 ಕೆಲ್ವಿನ್. ಆವತ್ತು ಭೂಮಿ ಮೇಲೆ ಮನುಷ್ಯ ಮುಟ್ಟಿದ್ದ ಅತಿ ತಣ್ಣನೆಯ ಜಾಗ ಅದು.

1911ರಲ್ಲಿ ಅದೇ ಚಳಿಯಲ್ಲಿ ಪಾದರಸವನ್ನು ಇಟ್ಟಾಗ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಮಾಯವಾಯ್ತು. ಇದೇ ಸೂಪರ್‌ಕಂಡಕ್ಟಿವಿಟಿ. 1913ರಲ್ಲಿ ಓನ್ನೆಸ್‌ಗೆ ನೊಬೆಲ್ ಬಂತು. ಡ್ಯೂವರ್‌ಗೆ ಕೊನೆಗೂ ಬರಲಿಲ್ಲ.

ಆದರೆ ಓನ್ನೆಸ್‌ರನ್ನು ಪೂರಾ ಹೀರೋ ಮಾಡೋಕೂ ಆಗಲ್ಲ. ಆ ಪಾದರಸದ ಪ್ರಯೋಗದಲ್ಲಿ ಮುಂದೆ ನಿಂತು ಅಳೆದವರು ಗಿಲ್ಸ್ ಹೋಲ್ಸ್ಟ್ ಅನ್ನೋ ಯುವಕ. ಪ್ರಬಂಧ ಹೊರಬಂದಾಗ ಲೇಖಕರ ಜಾಗದಲ್ಲಿ ಇದ್ದದ್ದು ಓನ್ನೆಸ್ ಹೆಸರೊಂದೇ. ನೂರು ಕೈ ಸೇರಿ ಮಾಡಿದ ಕೆಲಸಕ್ಕೆ ಒಂದೇ ಹೆಸರು.

ಹಾಗಾದರೆ ಕೊನೆಗೆ ತಳ ಸಿಕ್ಕಿತಾ? ಇಲ್ಲ, ಸಿಗೋದೂ ಇಲ್ಲ. ಹತ್ತಿರ ಹೋದಷ್ಟೂ ಉಳಿದ ಚೂರು ಬಿಸಿಯನ್ನು ತೆಗೆಯೋದು ಇನ್ನೂ ಕಷ್ಟ. ಎಷ್ಟೇ ಮೆಟ್ಟಿಲು ಇಳಿದರೂ ಇನ್ನೊಂದು ಇದ್ದೇ ಇರುತ್ತೆ. 2021ರಲ್ಲಿ ಜರ್ಮನ್ ವಿಜ್ಞಾನಿಗಳು ಬ್ರೆಮನ್‌ನ ಗೋಪುರದಲ್ಲಿ ರುಬಿಡಿಯಂ ಪರಮಾಣುಗಳನ್ನು ಬೀಳಿಸಿ, ಕೆಲ್ವಿನ್‌ನ ಲಕ್ಷ ಕೋಟಿಯಲ್ಲಿ 38 ಭಾಗದವರೆಗೆ ಇಳಿದರು. ಸೊನ್ನೆ ಆಗಲೂ ಕೆಳಗೇ ಇತ್ತು.

ಇನ್ನು ಆ ದ್ರವ ಹೀಲಿಯಂ? ನಿಮ್ಮ ಊರಿನ ದೊಡ್ಡ ಆಸ್ಪತ್ರೆಗೆ ಹೋದರೆ ಎಂಆರ್‌ಐ ಯಂತ್ರ ಇರುತ್ತಲ್ಲ, ಸಾಮಾನ್ಯವಾಗಿ ಅದರ ಆಯಸ್ಕಾಂತವನ್ನು ತಣ್ಣಗಿಡೋದು ಅದೇ. ಯಾರದ್ದೋ ಮೆದುಳು, ಯಾರದ್ದೋ ಬೆನ್ನುಮೂಳೆಯ ಚಿತ್ರ ತೆಗೆಯೋವಾಗ ಪಕ್ಕದಲ್ಲೇ ಲೈಡನ್‌ನ ಆ ಸಂಜೆಯ ಚಳಿ ಕೆಲಸ ಮಾಡ್ತಾ ಇರುತ್ತೆ.