ಬಂಗಾರಕ್ಕೆ ಮುಂಚಿನ ನಾಮ್‌ಡ್ರೋಲಿಂಗ್

ಬೈಲಕುಪ್ಪೆಗೆ ಬಂದವರೆಲ್ಲ ಮೊದಲು ವಿಚಾರಿಸುವುದು ಗೋಲ್ಡನ್ ಟೆಂಪಲನ್ನೇ. ಆ ಗುಡಿ ಬಾಗಿಲು ತೆರೆದದ್ದು 1999ರ ಸೆಪ್ಟೆಂಬರ್‌ನಲ್ಲಿ, ದಲಾಯಿ ಲಾಮಾ ಅವರ ಕೈಯಿಂದ. ಅದಿರುವ ನಾಮ್‌ಡ್ರೋಲಿಂಗ್ ಮಠ ಹುಟ್ಟಿದ್ದು ಮಾತ್ರ 1963ರಲ್ಲಿ. ನಡುವಿನ 36 ವರ್ಷ ಇಲ್ಲಿ ಹೊಳೆಯುವಂಥದ್ದೇನೂ ಇರಲಿಲ್ಲ. ಈ ಸ್ಮರಣ ಸಂಚಿಕೆಯಲ್ಲಿ ಬರೆಯಬೇಕಾದದ್ದು ಆ ವರ್ಷಗಳನ್ನೇ ಎಂಬುದು ನನ್ನ ಹಟ.

ಪೂರ್ವ ಟಿಬೆಟ್ಟಿನ ಖಾಮ್ ಸೀಮೆಯಲ್ಲಿ 1665ರಲ್ಲಿ ನೆಲೆಗೊಂಡ ಪಾಲ್ಯುಲ್, ಟಿಬೆಟ್ಟಿನ ಬೌದ್ಧಧರ್ಮದ ನಿಂಗ್ಮಾ ಪಂಥದ ಆರು ಮೂಲಮಠಗಳಲ್ಲೊಂದು. ಅದರ 11ನೇ ಪೀಠಾಧಿಪತಿ, ಮುಂದೆ ನಾಮ್‌ಡ್ರೋಲಿಂಗ್ ಕಟ್ಟಿದ ಪೆನೋರ್ ರಿಂಪೋಚೆ 1959ರಲ್ಲಿ ಊರು ಬಿಟ್ಟಾಗ ಜೊತೆಗಿದ್ದವರು ಸುಮಾರು 300 ಮಂದಿ. ಭಾರತ ಮುಟ್ಟಿದವರು 30ರಷ್ಟು. ಮೈಸೂರು ರಾಜ್ಯ ಸರ್ಕಾರ ಟಿಬೆಟ್ಟಿನ ನಿರಾಶ್ರಿತರಿಗೆ ಇಲ್ಲಿ ಕೊಟ್ಟ ಸುಮಾರು 3,000 ಎಕರೆ ಅಂದಿಗೆ ಬರೀ ಕಾಡು. ಆನೆಗಳ ಕಾಟ ಬೇರೆ. ತಣ್ಣನೆಯ ನಾಡಿನಿಂದ ಇಳಿದವರು ಆ ಸೆಕೆಯಲ್ಲೇ ಕಾಡು ಕಡಿದು ಜೋಳ ಬಿತ್ತಿದರು. ಮಠದ ಮೊದಲ ಗುಡಿ ಬಿದಿರಿನದು, ಅಳತೆ ಸುಮಾರು 80 ಚದರಡಿ. ಮುಂದೆ ಗಟ್ಟಿ ಕಟ್ಟಡ ಏಳುವಾಗ ಬೆರಳೆಣಿಕೆಯ ಸನ್ಯಾಸಿಗಳ ಜೊತೆ ರಿಂಪೋಚೆಯವರೂ ಕಲ್ಲು ಹೊತ್ತರು. ಪೀಠದಲ್ಲಿ ಕೂತವರು ಹೀಗೆ ಮೈ ಬಗ್ಗಿಸಿದ್ದು ನಮ್ಮ ಮಠಗಳಲ್ಲೂ ಅಪರೂಪವೇ.

ಇನ್ನೊಂದು ಸಂಗತಿ ಗಮನಿಸಬೇಕು. ಬಂಗಾರದ ಗುಡಿಗಿಂತ 21 ವರ್ಷ ಮೊದಲೇ, 1978ರಲ್ಲಿ, ಇಲ್ಲಿ ವಿದ್ಯಾಲಯ ಶುರುವಾಗಿತ್ತು. 1993ರಲ್ಲಿ ಸನ್ಯಾಸಿನಿಯರ ಮಠವೂ ಬಂತು. ದುಡ್ಡು ಮೊದಲು ಹೋದದ್ದು ಪಾಠಕ್ಕೆ, ಆಮೇಲೆ ಹೊಳಪಿಗೆ.

ಹಾಗಂತ ಆ ಹೊಳಪು ಬರೀ ಆಡಂಬರವಲ್ಲ. ಬೌದ್ಧ ಗ್ರಂಥಗಳು ಎಣಿಸುವ ಮಹಾಪುರುಷನ 32 ಲಕ್ಷಣಗಳಲ್ಲಿ ಹೊಂಬಣ್ಣದ ಮೈಯೂ ಒಂದು. ಮ್ಯಾನ್ಮಾರ್‌ನ ಶ್ವೇದಗಾನ್‌ನಲ್ಲಿ ಚಿನ್ನ ಇಡೀ ಸ್ತೂಪವನ್ನೇ ಹೊದ್ದಿದ್ದರೆ, ಇಲ್ಲಿ ಅದರ ವೈಭವ ಕಾಣುವುದು ಗುಡಿಯ ಒಳಗೆ. ನಡುವೆ 60 ಅಡಿಯ ಶಾಕ್ಯಮುನಿ, ಅಕ್ಕಪಕ್ಕದಲ್ಲಿ 58 ಅಡಿಯ ಪದ್ಮಸಂಭವ, ಅಮಿತಾಯು. ಮೂರೂ ತಾಮ್ರದ ಮೇಲೆ ಚಿನ್ನದ ಲೇಪ. ಬುದ್ಧನ ಕಣ್ಣು ಅರೆಮುಚ್ಚಿದ್ದರೆ ಪದ್ಮಸಂಭವನದು ನೆಟ್ಟನೋಟ, ಬಲಗೈಯಲ್ಲಿ ವಜ್ರ. ಅಮಿತಾಯುವಿನ ಮಡಿಲಲ್ಲಿ ಆಯುಸ್ಸಿನ ಕಲಶ. ಈ ಮೂರ್ತಿಗಳ ಹೊಟ್ಟೆ ಖಾಲಿಯಲ್ಲ. ಧರ್ಮಗ್ರಂಥಗಳು, ಹಿರಿಯರ ಅವಶೇಷಗಳು, ಮಣ್ಣಿನ ಪುಟ್ಟ ಸ್ತೂಪಗಳನ್ನು ಒಳಗೆ ತುಂಬಿದ್ದಾರೆ. ಹೊರಗೆ ಚಿನ್ನ, ಒಳಗೆ ಕಾಗದ ಮತ್ತು ಮಣ್ಣು.

ಪೆನೋರ್ ರಿಂಪೋಚೆ 2009ರ ಮಾರ್ಚ್ 27ರಂದು ಇದೇ ಮಠದಲ್ಲಿ ದೇಹ ಬಿಟ್ಟರು. ಪಾಲ್ಯುಲ್ ಪೀಠದಲ್ಲಿ ಈಗ 12ನೆಯವರಾದ ಕರ್ಮ ಕುಚೆನ್ ರಿಂಪೋಚೆ ಇದ್ದಾರೆ. ರಜೆ ಬಂತೆಂದರೆ ಪ್ರವಾಸಿ ಬಸ್ಸುಗಳು ಸಾಲುಗಟ್ಟುತ್ತವೆ. ಬಂದವರು ಮೂರ್ತಿಗಳೆದುರು ಫೋಟೊ ತೆಗೆಸಿಕೊಂಡು, ಮೊಮೊ ತಿಂದು ಹೊರಡುತ್ತಾರೆ. ವಿದ್ಯಾಲಯದ ಕಡೆ ತಲೆ ಹಾಕುವವರು ಕಡಿಮೆ. ಅಲ್ಲಿ 9 ವರ್ಷಗಳ ವ್ಯಾಸಂಗ. ಓದು ಮುಗಿಸಿದ ಖೆನ್ಪೋಗಳು, ಅಂದರೆ ಬೌದ್ಧ ಪಂಡಿತರು, ನೇಪಾಳ, ಭೂತಾನ್‌ಗಳವರೆಗೂ ಹೋಗಿ ಪಾಠ ಹೇಳುತ್ತಿದ್ದಾರೆ.