ಉದ್ದದಿಂದ ಭಾಗಲಬ್ಧಕ್ಕೆ: ವಿದ್ಯುತ್ ರೋಧದ ಲೆಕ್ಕಾಚಾರದ ಚರಿತ್ರೆ

ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ರೋಧ, ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ. ಪ್ರೌಢಶಾಲೆಯ ಪಠ್ಯಪುಸ್ತಕ ಇವನ್ನು ಇದೇ ಕ್ರಮದಲ್ಲಿ ಕಲಿಸುತ್ತದೆ: ಮೊದಲು ಓಮ್, ಆಮೇಲೆ ಜೂಲ್. ಇಸವಿಗಳನ್ನಷ್ಟೇ ನೋಡಿದರೆ ಇದು ಸರಿ. ಓಮನ ಮುಖ್ಯ ಪ್ರಯೋಗ 1826ರದು, ಜೂಲನದು 1840ರದು. ಆದರೆ ರೋಧವನ್ನು ಭಾಗಾಕಾರದಿಂದ ಪಡೆಯುವ ಪದ್ಧತಿ ಓಮನ ಕಾಲದ್ದಲ್ಲ. ಅವನ ಕೈಯಲ್ಲಿ ರೋಧವೆಂದರೆ ತಂತಿಯ ಉದ್ದ. ಅದು ವೋಲ್ಟ್ ಮತ್ತು ಆಂಪಿಯರ್‌ಗಳ ಭಾಗಲಬ್ಧವಾದದ್ದು ಜೂಲನ ಉಷ್ಣದ ಲೆಕ್ಕವನ್ನು ಆಧರಿಸಿಯೇ ಎಂಬುದು ಇಲ್ಲಿಯ ವಾದ.

ಗೆಯೋರ್ಗ್ ಸೈಮನ್ ಓಮ್ ಆಗ ಕೊಲೋನ್ ನಗರದ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. 1825ರಲ್ಲಿ ಬ್ಯಾಟರಿ ಬಳಸಿ ಮಾಡಿದ ಅವನ ಮೊದಲ ಪ್ರಯತ್ನ ದಾರಿ ತಪ್ಪಿತ್ತು. ಬ್ಯಾಟರಿಯ ಬಲ ಪ್ರಯೋಗದ ನಡುವೆಯೇ ಕುಗ್ಗುತ್ತಿದ್ದುದರಿಂದ ಸಿಕ್ಕ ಸೂತ್ರವೂ ತಪ್ಪಾಗಿತ್ತು. ಪತ್ರಿಕಾ ಸಂಪಾದಕ ಪೋಗೆಂಡಾರ್ಫ್ ಉಷ್ಣಯುಗ್ಮವನ್ನು ಬಳಸಿ ನೋಡಲು ಸೂಚಿಸಿದ. ಬಿಸ್ಮತ್ ಮತ್ತು ತಾಮ್ರ ಸೇರುವ ಎರಡು ಸಂಧಿಗಳಲ್ಲಿ ಒಂದನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರೆ ಬಲ ಬದಲಾಗದೆ ನಿಲ್ಲುತ್ತದೆ. ಓಮ್ 2 ಅಂಗುಲದಿಂದ 130 ಅಂಗುಲದವರೆಗಿನ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿದ. ತೂಗುಬಿಟ್ಟ ಕಾಂತಸೂಜಿ ಪ್ರವಾಹದಿಂದಾಗಿ ಪಕ್ಕಕ್ಕೆ ಸರಿದಾಗ, ಅದನ್ನು ಮತ್ತೆ ಮೊದಲಿನ ಸ್ಥಾನಕ್ಕೆ ತರಲು ಎಷ್ಟು ತಿರುಚಬೇಕು ಎಂಬುದೇ ಅವನ ಅಳತೆ. 1826ರ ಜನವರಿ 8ರ ಸಾಲಿನಲ್ಲಿ 2 ಅಂಗುಲದ ತಂತಿಗೆ 326¾, 130 ಅಂಗುಲದ ತಂತಿಗೆ 48½ ಎಂದು ಬರೆದಿದ್ದಾನೆ. 7285ನ್ನು ತಂತಿಯ ಉದ್ದ ಮತ್ತು 20¼ರ ಮೊತ್ತದಿಂದ ಭಾಗಿಸಿ ನೋಡಿ: 327.4 ಮತ್ತು 48.5 ಬರುತ್ತವೆ. ಶಾಲಾ ಮೇಷ್ಟ್ರೊಬ್ಬನ ಉಪಕರಣದಿಂದ ಇಷ್ಟು ಹೊಂದಿಕೆ ಬಂದದ್ದು ಬೆರಗು ಹುಟ್ಟಿಸುತ್ತದೆ. ನಮ್ಮ ವಾದಕ್ಕೆ ಮುಖ್ಯವಾದದ್ದು ಆ 20¼. ಅದು ಮಂಡಲದ ಉಳಿದ ಭಾಗದ ರೋಧ, ಮತ್ತು ಅದೂ ಅಂಗುಲದಲ್ಲೇ ಇದೆ.

1827ರ ಪುಸ್ತಕದಲ್ಲಿ ಓಮ್ ಇದನ್ನೇ ಸಾಮಾನ್ಯ ನಿಯಮವಾಗಿ ಬರೆದನಲ್ಲ, ಅಲ್ಲಿ ಭಾಗಾಕಾರ ಇದೆಯಲ್ಲ ಎಂದು ಆಕ್ಷೇಪಿಸಬಹುದು. ಇದೆ ನಿಜ. ಆದರೆ ಅಲ್ಲಿ ಛೇದದಲ್ಲಿರುವುದು ಪ್ರತಿಯೊಂದು ವಾಹಕವನ್ನೂ ಒಂದೇ ಮಾದರಿಯ ತಂತಿಗೆ ಸಮಗೊಳಿಸಿ ಕೂಡಿಸಿದ ಉದ್ದ. ಅಂಶದಲ್ಲಿರುವ ವಿದ್ಯುತ್ ಬಲಕ್ಕೆ ಶಕ್ತಿಯೊಡನೆ ಯಾವ ನಂಟೂ ಇರಲಿಲ್ಲ. ಅದನ್ನು ವಿಭವದೊಡನೆ ಬೆಸೆದವನು ಕಿರ್ಖಾಫ್, 1849ರಲ್ಲಿ. ಮುಂದಿನ ಅಳತೆಗಾರರೂ ಉದ್ದವನ್ನು ಬಿಡಲಿಲ್ಲ. ವೀಟ್‌ಸ್ಟೋನ್ 1843ರಲ್ಲಿ ಸೂಚಿಸಿದ ರೋಧಮಾನ 100 ಗ್ರೇನ್ ತೂಗುವ ಒಂದು ಅಡಿ ತಾಮ್ರದ ತಂತಿ. ವರ್ನರ್ ಸೀಮೆನ್ಸ್ 1860ರಲ್ಲಿ ಸೂಚಿಸಿದ್ದು ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಒಂದು ಮೀಟರ್ ಪಾದರಸ. ಟೆಲಿಗ್ರಾಫ್ ಕೇಬಲ್ ಎಲ್ಲಿ ಕೆಟ್ಟಿದೆ ಎಂದು ಹುಡುಕುವವನಿಗೆ ಬೇಕಾದದ್ದೂ ಮೈಲಿಯ ಲೆಕ್ಕವೇ.

ಜೂಲ್ ತಂದ ಸಂಗತಿ ಬೇರೆ ಬಗೆಯದು. ಸಾಲ್ಫರ್ಡಿನ ಬಿಯರ್ ತಯಾರಕರ ಮನೆತನದ ಈ ಯುವಕ ಗಾಜಿನ ಕೊಳವೆಗೆ ತಂತಿ ಸುತ್ತಿ, ನೀರಿನ ಜಾಡಿಯಲ್ಲಿ ಮುಳುಗಿಸಿ, ಉಷ್ಣಮಾಪಕ ಹಿಡಿದು ಕೂತ. ಪ್ರವಾಹ ಎರಡು ಪಟ್ಟಾದರೆ ಉಷ್ಣ ನಾಲ್ಕು ಪಟ್ಟು. ತಂತಿ ಬದಲಿಸಿದರೆ ಉಷ್ಣ ಅದರ ರೋಧಕ್ಕೆ ತಕ್ಕಂತೆ. ಅಲ್ಲಿಂದ ಮುಂದೆ, ಗೊತ್ತಾದ ಪ್ರವಾಹ ಹರಿದಾಗ ಸೆಕೆಂಡಿಗೆ ಎಷ್ಟು ಶಕ್ತಿ ಉಷ್ಣವಾಗುತ್ತದೆ ಎಂಬುದರಿಂದಲೇ ರೋಧವನ್ನು ಹೇಳಬಹುದಾಯಿತು. ತಾಮ್ರವಾಗಲಿ ಪಾದರಸವಾಗಲಿ ಬೇಕಿಲ್ಲ. ವಿಲಿಯಂ ಥಾಮ್ಸನ್ ಈ ಎಳೆಯನ್ನು ಹಿಡಿದ. 1861ರಲ್ಲಿ ನೇಮಕವಾದ ಬ್ರಿಟಿಷ್ ಅಸೋಸಿಯೇಷನ್ ಸಮಿತಿ ರೋಧ, ಪ್ರವಾಹ, ವಿಭವಾಂತರಗಳ ಮಾನಗಳನ್ನು ಶಕ್ತಿಯ ಮಾನಕ್ಕೆ ಗಂಟುಹಾಕಿತು. ಸಮಿತಿಯ ಪರವಾಗಿ ಮ್ಯಾಕ್ಸ್‌ವೆಲ್ ಮತ್ತು ಸಂಗಡಿಗರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಭೂಮಿಯ ಕಾಂತಕ್ಷೇತ್ರದೊಳಗೆ ತಂತಿಯ ಸುರುಳಿಯನ್ನು ತಿರುಗಿಸಿ, ನಡುವೆ ತೂಗುಬಿಟ್ಟ ಕಾಂತದ ವಾಲಿಕೆಯಿಂದ ರೋಧವನ್ನು ಲೆಕ್ಕಹಾಕಿದರು.

ಈ ಗಂಟು ಬರೀ ಕಾಗದದ್ದಲ್ಲ ಎನ್ನುವುದಕ್ಕೆ ಒಂದು ಪ್ರಯೋಗ ಸಾಕ್ಷಿ. ಅದೇ ಸಮಿತಿಗಾಗಿ ಜೂಲ್ 1867ರಲ್ಲಿ ಅದರ ಮಾನದ ಸುರುಳಿಯನ್ನು ಆಧಾರವಾಗಿಟ್ಟುಕೊಂಡು, ಪ್ರವಾಹದಿಂದ ನೀರು ಕಾಯಿಸಿ, ಉಷ್ಣದ ಯಾಂತ್ರಿಕ ಸಮಾನವನ್ನು, ಅಂದರೆ ಇಂತಿಷ್ಟು ಉಷ್ಣಕ್ಕೆ ಸಮನಾದ ಕೆಲಸವನ್ನು, ಅಳೆದ. ಸುಮಾರು 783 ಅಡಿ-ಪೌಂಡ್ ಬಂತು. ನೀರನ್ನು ಕಡೆದು ಘರ್ಷಣೆಯಿಂದ ಅವನೇ ಹಿಂದೆ ಪಡೆದಿದ್ದುದು 772. ತಪ್ಪು ಎಲ್ಲಿ? ಜೂಲ್ ಘರ್ಷಣೆಯ ಪ್ರಯೋಗವನ್ನು ಮತ್ತೆ ಮಾಡಿ 1878ರಲ್ಲಿ ಪ್ರಕಟಿಸಿದ. ಹಳೆಯ ಸಂಖ್ಯೆಯೇ ನಿಂತಿತು. 1880ರ ದಶಕದ ಆರಂಭದಲ್ಲಿ ಲಾರ್ಡ್ ರೇಲಿ ಕೇಂಬ್ರಿಜ್‌ನಲ್ಲಿ ತಿರುಗುವ ಸುರುಳಿಯ ಪ್ರಯೋಗವನ್ನು ಹೊಸದಾಗಿ ನಡೆಸಿದಾಗ, ಸಮಿತಿಯ ಓಮ್ ಇರಬೇಕಾದ್ದಕ್ಕಿಂತ ಶೇ. 1.3ರಷ್ಟು ಚಿಕ್ಕದು ಎಂದು ತಿಳಿಯಿತು. ಜೂಲನ ಎರಡು ಸಂಖ್ಯೆಗಳ ಅಂತರವೂ ಹೆಚ್ಚುಕಡಿಮೆ ಅಷ್ಟೇ. ರೋಧದ ಮಾನದಲ್ಲಿದ್ದ ದೋಷವನ್ನು ನೀರಿನ ಬಿಸಿ ಹದಿನೈದು ವರ್ಷ ಮೊದಲೇ ತೋರಿಸಿತ್ತು. ಉದ್ದವಾಗಿಯೇ ಉಳಿದಿದ್ದ ರೋಧದಲ್ಲಿ ಇಂಥ ದೋಷ ಸಾಧ್ಯವೇ ಇರಲಿಲ್ಲ, ಏಕೆಂದರೆ ಒಂದು ಮೀಟರ್ ಪಾದರಸ ಯಾವಾಗಲೂ ತನಗೆ ತಾನೇ ಸಮ.

ಹೇಗೆ ಅಳೆದರೂ ಬೀಜಗಣಿತ ಒಂದೇ ತಾನೆ ಎಂಬುದು ಹೆಚ್ಚು ಗಟ್ಟಿಯಾದ ಆಕ್ಷೇಪ. ಸ್ಥಿರ ಉಷ್ಣತೆಯ ತಂತಿಯ ಮಟ್ಟಿಗೆ ಒಪ್ಪಬೇಕು. ಆದರೆ 230 ವೋಲ್ಟ್‌ನಲ್ಲಿ ಉರಿಯುವ 60 ವಾಟ್‌ನ ಹಳೆಯ ಬಲ್ಬನ್ನು ತೆಗೆದುಕೊಳ್ಳಿ. ಪ್ರವಾಹ 0.26 ಆಂಪಿಯರ್, ರೋಧ ಸುಮಾರು 880 ಓಮ್. ಆರಿ ತಣ್ಣಗಾದ ಅದೇ ಟಂಗ್‌ಸ್ಟನ್ ತಂತುವಿನ ರೋಧ ಇದರ ಹತ್ತನೇ ಒಂದು ಭಾಗವೂ ಇಲ್ಲ. ಉದ್ದ, ದಪ್ಪ ಮೊದಲಿನಂತೆಯೇ ಇವೆ. ಉರಿಯುವ ಬಲ್ಬಿನ ರೋಧವನ್ನು ಉದ್ದದ ಅಳತೆ ಹೇಳಲಾರದು. ಆ ಕ್ಷಣದ ವೋಲ್ಟ್ ಮತ್ತು ಆಂಪಿಯರ್ ಹೇಳುತ್ತವೆ. ವಿದ್ಯುದ್ದೀಪಗಳು ಬಳಕೆಗೆ ಬಂದ ಕಾಲದಲ್ಲೇ, 1881ರ ಪ್ಯಾರಿಸ್ ಸಮ್ಮೇಳನ ಓಮ್, ವೋಲ್ಟ್, ಆಂಪಿಯರ್‌ಗಳನ್ನು ಒಟ್ಟಿಗೆ ಅಂಗೀಕರಿಸಿತು. ಮರುವರ್ಷ ವಿಲಿಯಂ ಸೀಮೆನ್ಸ್ ವಾಟ್ ಎಂಬ ಮಾನವನ್ನು ಸೂಚಿಸಿದ. 1889ರಲ್ಲಿ ವಾಟ್ ಮತ್ತು ಜೂಲ್ ಎರಡಕ್ಕೂ ಒಪ್ಪಿಗೆ ಸಿಕ್ಕಿತು.