ಅಗಂ: ಗಿಟಾರಿನ ಮೇಲೆ ಕೃತಿ, ಕೇಳುಗರ ನಡುವೆ ತಕರಾರು

ಕರ್ನಾಟಕ ಸಂಗೀತದ ಕೃತಿಗಳನ್ನು ಪ್ರೋಗ್ರೆಸಿವ್ ರಾಕ್ ಚೌಕಟ್ಟಿನಲ್ಲಿ ನುಡಿಸುವ ಬೆಂಗಳೂರಿನ ವಾದ್ಯತಂಡ ‘ಅಗಂ’. 2003ರಲ್ಲಿ ರೂಪುಗೊಂಡ ತಂಡ ಹೆಸರಾದದ್ದು 2007ರಲ್ಲಿ, ಎ.ಆರ್. ರೆಹಮಾನ್ ತೀರ್ಪುಗಾರರಾಗಿದ್ದ ‘ಊ ಲಾ ಲಾ ಲಾ’ ಎಂಬ ತಮಿಳು ಕಿರುತೆರೆ ಸ್ಪರ್ಧೆಯಲ್ಲಿ ಗೆದ್ದ ಬಳಿಕ. ಗಾಯನ ಮತ್ತು ಪಿಟೀಲು ಹರೀಶ್ ಶಿವರಾಮಕೃಷ್ಣನ್ ಅವರದು. ಕೀಬೋರ್ಡ್‌ಗೆ ಸ್ವಾಮಿ ಸೀತಾರಾಮನ್, ಗಿಟಾರಿಗೆ ಟಿ. ಪ್ರವೀಣ್ ಕುಮಾರ್. ಸದಸ್ಯರಲ್ಲಿ ಹಲವರು ತಂತ್ರಜ್ಞಾನ ಕಂಪನಿಗಳಲ್ಲಿ ನೌಕರಿ ಮಾಡುತ್ತಲೇ ಸಂಗೀತ ನಡೆಸಿಕೊಂಡು ಬಂದವರು.

ಮೊದಲ ಆಲ್ಬಂ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ 2012ರಲ್ಲಿ ಹೊರಬಂದಿತು. ಸ್ವಾತಿ ತಿರುನಾಳರ ಧನಶ್ರೀ ತಿಲ್ಲಾನ ಹಾಗೂ ಕೇರಳದ ದೋಣಿಹಾಡು ಅಭಿಮಾನಿಗಳಿಗೆ ಇಂದಿಗೂ ಅಚ್ಚುಮೆಚ್ಚು. ತಿಲ್ಲಾನದ ಜತಿಗಳು ಡ್ರಮ್ಸ್ ಹೊಡೆತಕ್ಕೆ ತಾವಾಗಿಯೇ ಒಗ್ಗುತ್ತವೆ. ಆದ್ದರಿಂದ ಇಲ್ಲಿ ಆಕ್ಷೇಪಕ್ಕೆ ಎಡೆ ಕಡಿಮೆ.

ವಿವಾದ ಬಲವಾದದ್ದು 2017ರ ಎರಡನೆಯ ಆಲ್ಬಂ ‘ಎ ಡ್ರೀಮ್ ಟು ರಿಮೆಂಬರ್’ ಸುತ್ತ. ಇದರಲ್ಲಿ ತ್ಯಾಗರಾಜರ ‘ಮನವ್ಯಾಲಕಿಂಚರಾದಟೆ’, ಮುತ್ತುಸ್ವಾಮಿ ದೀಕ್ಷಿತರ ‘ರಂಗಪುರ ವಿಹಾರ’ ಸೇರಿವೆ. ಕಚೇರಿ ಕೇಳಿ ಬೆಳೆದವರ ತಕರಾರು ಭಕ್ತಿಯ ಪ್ರಶ್ನೆಯಷ್ಟೇ ಅಲ್ಲ, ವ್ಯಾಕರಣದ್ದೂ ಹೌದು. ‘ಮನವ್ಯಾಲಕಿಂಚರಾದಟೆ’ಯ ರಾಗ ನಳಿನಕಾಂತಿ. ಇದರಲ್ಲಿ ಧೈವತವೇ ಇಲ್ಲ, ಆರೋಹಣ ವಕ್ರ. ರಾಕ್ ಸಂಗೀತವಾದರೋ ಮೂರು ನಾಲ್ಕು ಸ್ವರಗಳನ್ನು ಏಕಕಾಲಕ್ಕೆ ಮೀಟುವ ಕಾರ್ಡ್‌ಗಳ ಮೇಲೆ ನಿಂತಿದೆ. ರಾಗಕ್ಕೆ ಸಲ್ಲದ ಸ್ವರವೊಂದು ಕಾರ್ಡ್‌ನೊಳಗೆ ನುಸುಳಿದರೆ ಕಿವಿ ಪಳಗಿದವರಿಗೆ ತಟ್ಟನೆ ತಿಳಿಯುತ್ತದೆ. ಮೆಟ್ಟಿಲು ಕಟ್ಟಿದ ಗಿಟಾರಿನಲ್ಲಿ ಗಮಕ ಬರಬೇಕಾದರೆ ತಂತಿಯನ್ನೇ ಎಳೆದು ಬಗ್ಗಿಸಬೇಕು. ವೇಗ ಹೆಚ್ಚಿದಾಗ ಸಾಹಿತ್ಯದ ಉಚ್ಚಾರ ಸೊರಗುವುದು ಮತ್ತೊಂದು ದೂರು. ಮಂದಗತಿಯ ವಿಸ್ತಾರಕ್ಕೆ ಹೆಸರಾದ ದೀಕ್ಷಿತರ ಕೃತಿಯ ವಿಷಯದಲ್ಲಿ ಈ ದೂರಿಗೆ ತೂಕವಿದೆ ಎನ್ನಲೇಬೇಕು.

ಅಭಿಮಾನಿಗಳ ಉತ್ತರ ಬೇರೆ. ಸಭಾಗೃಹದ ಮೆಟ್ಟಿಲು ಹತ್ತದ ಕಾಲೇಜು ಹುಡುಗರು ಈ ಕೃತಿಗಳನ್ನು ಗುನುಗುತ್ತಿರುವುದು ಅಗಂ ದೆಸೆಯಿಂದ, ಮೂಲವನ್ನು ಹುಡುಕಿ ಕೇಳಿದವರೂ ಇದ್ದಾರೆ ಎಂಬುದು ಅವರ ವಾದ. ಪಿಟೀಲು ಸಹ ಹೊರಗಿನಿಂದ ಬಂದು ನಮ್ಮದಾದ ವಾದ್ಯವೆಂದು ನೆನಪಿಸುವವರೂ ಉಂಟು. ವಾದದಲ್ಲಿ ಹುರುಳಿದೆ, ಆದರೆ ಪಿಟೀಲಿಗೆ ಮೆಟ್ಟಿಲುಗಳಿಲ್ಲ ಎಂಬುದನ್ನು ಅವರು ಮರೆಯುತ್ತಾರೆ.

ಇತ್ತ ಮೆಟಲ್ ಕೇಳುಗರದು ಇನ್ನೊಂದೇ ರಾಗ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡವನ್ನು ಕಂಡ ಬೆಂಗಳೂರಿನ ಆ ವರ್ಗದಲ್ಲಿ ಹಲವರಿಗೆ ಅಗಂ ಸಾಕಷ್ಟು ಗಡಸಲ್ಲ. ಡ್ರೀಮ್ ಥಿಯೇಟರ್ ತಂಡದ ಪ್ರಭಾವ ಕಂಡರೂ ಗಾಯನವೇ ಮುಂದೆ ನಿಂತು ಗಿಟಾರು ಹಿಂದೆ ಸರಿಯುತ್ತದೆ ಎನ್ನುತ್ತಾರೆ. ವಿಷಮ ತಾಳಗಳ ಲೆಕ್ಕಾಚಾರವನ್ನು ಮಾತ್ರ ಎರಡೂ ಪಾಳಯದವರು ಮೆಚ್ಚುತ್ತಾರೆ. ಖಂಡ, ಮಿಶ್ರ ನಡೆಗಳು ಇತ್ತ ಲಯಜ್ಞರಿಗೂ ಅತ್ತ ಪ್ರೋಗ್ರೆಸಿವ್ ಮೆಟಲ್ ಡ್ರಮ್ಮರ್‌ಗೂ ಮನೆಮಾತು.

ಮೂರನೆಯ ಆಲ್ಬಂ ‘ಅರೈವಲ್ ಆಫ್ ದಿ ಇಥೀರಿಯಲ್’ 2025ರಲ್ಲಿ ಬಂದಿತು. ಸಿಂಫನಿ ವಾದ್ಯವೃಂದವನ್ನು ಜೊತೆಗೂಡಿಸಿಕೊಂಡ ಇದರಲ್ಲಿ ಸಾರಮತಿ ರಾಗದ ‘ಮೋಕ್ಷಮು ಗಲದಾ’ ಇದೆ. ನಾದೋಪಾಸನೆ ಅರಿಯದವರಿಗೆ ಮೋಕ್ಷವುಂಟೇ ಎಂದು ತ್ಯಾಗರಾಜರು ಕೇಳುವ ಕೃತಿಯನ್ನೇ ತಂಡ ಆರಿಸಿಕೊಂಡದ್ದು ಎರಡೂ ಕಡೆಯವರ ಚರ್ಚೆಗೆ ಒಳ್ಳೆಯ ಗ್ರಾಸ.